ಅಲ್ಪಪ್ರಾಣದ ತಪ್ಪೊಪ್ಪಿಗೆ

ನನ್ನ ಹೆಂಡತಿಯ ಮೇಲೆ ಪೆಟ್ಟಿ ಕೇಸು ಬಿದ್ದಾಗ ಅವಳಿಗೆ ಅರವತ್ತಮೂರು ತುಂಬಿತ್ತು. ಆಸ್ಪತ್ರೆಯ ಕಾಂಪೌಂಡ್ ಗೋಡೆಯ ಮೇಲೆ ಘೋಷಣೆ ಬರೆದು ಸಾರ್ವಜನಿಕ ಆಸ್ತಿಯನ್ನು ವಿರೂಪಗೊಳಿಸಿದಳು ಎಂಬುದು ಆರೋಪ. ಪೆಟ್ಟಿ ಕೇಸು ಎಂದರೆ ಸಣ್ಣಪುಟ್ಟ ಅಪರಾಧದ ಕೇಸು, ಕೊಲೆ ಸುಲಿಗೆಯ ಸಾಲಿನದಲ್ಲ. ಹಾಗೆಂದು ಹಗುರವೂ ಅಲ್ಲ. ಒಂದು ತಿಂಗಳವರೆಗೆ ಜೈಲಿಗೆ ಹಾಕಲು ಕಾನೂನಿನಲ್ಲಿ ಅವಕಾಶವಿದೆ ಎಂದು ಮಗಳು ಹೇಳಿದ ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ. ಬೆನ್ನುನೋವಿನವಳು, ದಿಂಬು ಒಂದಿಷ್ಟು ಆಚೀಚೆಯಾದರೂ ನಿದ್ದೆ ಬಾರದವಳು, ಹೋಗಿ ಜೈಲಿನ ನೆಲದ ಮೇಲೆ ಮಲಗುವುದೆಂದರೆ?

ಅವಳಿಗೆ ಆ ಚಿಂತೆಯೇ ಇರಲಿಲ್ಲ. ಸಮನ್ಸ್ ಕೈಗೆ ಬಂದ ಕೂಡಲೇ ಕನ್ನಡಕ ಏರಿಸಿ, ಅದರಲ್ಲಿದ್ದ ನಾಲ್ಕು ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ತಂದುಕೊಟ್ಟ ಪೊಲೀಸಿನವನಿಗೇ ತೋರಿಸಿದಳು.

"ನೋಡಪ್ಪಾ, 'ಹಾಜರಾಗತಕ್ಕದು' ಅಲ್ಲ, 'ಹಾಜರಾಗತಕ್ಕದ್ದು'. ಒತ್ತು ಬಿಟ್ಟಿದ್ದೀರಿ."

"ನಾನು ಬರೆದಿದ್ದಲ್ಲ ತಾಯಿ, ನಾನು ಬರೀ ಕೊಡೋಕೆ ಬಂದವನು" ಎಂದು ಆತ ಸಹಿ ಹಾಕಿಸಿಕೊಂಡು ಬದುಕಿದೆಯಾ ಬಡಜೀವವೇ ಎಂದು ಮೆಟ್ಟಿಲಿಳಿದ.

ನಮ್ಮ ಕಸುಬು ಅಂಥದು. ಇಬ್ಬರೂ ಒಂದೇ ಪ್ರೆಸ್ಸಿನಲ್ಲಿದ್ದವರು. ನಾನು ಅಚ್ಚುಮೊಳೆ ಜೋಡಿಸುತ್ತಿದ್ದೆ, ಅವಳು ಕರಡು ತಿದ್ದುತ್ತಿದ್ದಳು. ಮದುವೆಗೆ ಮುಂಚೆ ನಾನು ಬೇಕೆಂದೇ ಒಂದೆರಡು ಮೊಳೆ ತಪ್ಪಾಗಿ ಕೂರಿಸುತ್ತಿದ್ದೆ. ಆಗ ಅವಳು ಕೆಂಪು ಪೆನ್ನು ಹಿಡಿದು ನನ್ನನ್ನು ತನ್ನ ಮೇಜಿನ ಬಳಿಗೆ ಕರೆಯುತ್ತಿದ್ದಳು. ಮದುವೆಯಾದ ಮೇಲೆ ಬೇಕೆಂದು ಮಾಡುವ ಅಗತ್ಯ ಬೀಳಲಿಲ್ಲ, ತಪ್ಪುಗಳು ತಾವಾಗಿಯೇ ಆಗತೊಡಗಿದವು. ನಮ್ಮ ಪ್ರೆಸ್ಸಿನ ಯಜಮಾನರದ್ದು ಒಂದೇ ಕಾನೂನು. ಪುಸ್ತಕದಲ್ಲಿ ತಪ್ಪು ಉಳಿದರೆ ಮೊಳೆ ಜೋಡಿಸಿದವನನ್ನು ಅವರು ಕೇಳುತ್ತಿರಲಿಲ್ಲ. "ಜೋಡಿಸೋನಿಗೆ ಕೈ ಜಾರುತ್ತೆ. ನೋಡಿ ಬಿಟ್ಟವರದ್ದು ತಪ್ಪು" ಎಂದು ಕರಡು ನೋಡಿದವರನ್ನು ನಿಲ್ಲಿಸಿ ಬೈಯುತ್ತಿದ್ದರು. ನನ್ನ ಹೆಂಡತಿ ಆ ಕಾನೂನಿನ ಕೆಳಗೆ ಮೂವತ್ತೊಂದು ವರ್ಷ ಕೆಲಸ ಮಾಡಿದಳು, ಬೈಸಿಕೊಂಡದ್ದು ತೀರಾ ಕಡಿಮೆ. ನಿವೃತ್ತಿಯಾದ ಮೇಲೂ ಅಂಗಡಿ ಬೋರ್ಡು, ಮದುವೆಯ ಕರೆಯೋಲೆ, ಬಸ್ಸಿನ ಟಿಕೆಟ್ಟು, ಅವಳ ಕಣ್ಣಿಗೆ ಬಿದ್ದದ್ದು ಯಾವುದೂ ಬಚಾವಾಗಲಿಲ್ಲ.

ಕೇಸಿಗೆ ಮೂಲ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡು. ಅದನ್ನು ಮುಚ್ಚಿ, ಒಂದು ಗಂಟೆಯ ದಾರಿಯಾಚೆ ಇರುವ ದೊಡ್ಡ ಆಸ್ಪತ್ರೆಗೆ ಸೇರಿಸುತ್ತೇವೆ ಎಂದು ಮೇಲಿನವರು ತೀರ್ಮಾನಿಸಿದ್ದರು. ನೋವು ಶುರುವಾದ ಹೆಂಗಸು ಒಂದು ಗಂಟೆ ಬಸ್ಸಿನಲ್ಲಿ ಕೂರಬೇಕಾ ಎಂದು ನನ್ನ ಹೆಂಡತಿ ಹನ್ನೊಂದು ಅರ್ಜಿ ಬರೆದಳು. ಒಂದಕ್ಕೂ ಉತ್ತರ ಬರಲಿಲ್ಲ. ನಮ್ಮ ಒಬ್ಬಳೇ ಮಗಳು ಹುಟ್ಟಿದ್ದು ಆ ವಾರ್ಡಿನಲ್ಲೇ. ಹುಟ್ಟಿದ ಕೂಸನ್ನು ಮೊದಲು ಎತ್ತಿಕೊಂಡು ಒರೆಸಿದವಳು ಅಲ್ಲಿನ ಆಯಾ. ಆಗ ಅವಳು ಇಪ್ಪತ್ತರ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಇವತ್ತಿಗೂ ಅಲ್ಲೇ ಇದ್ದಾಳೆ, ಇವತ್ತಿಗೂ ಹಂಗಾಮಿ ನೌಕರಳೇ. ಹಂಗಾಮಿ ಎಂದರೆ ಯಾವ ಬೆಳಿಗ್ಗೆ ಬೇಕಾದರೂ "ನಾಳೆಯಿಂದ ಬರಬೇಡ" ಅನ್ನಬಹುದು, ಕೇಳುವವರಿಲ್ಲ. ನನ್ನ ಹೆಂಡತಿಯನ್ನು ಅವಳು ಅಕ್ಕ ಎನ್ನುತ್ತಿದ್ದಳು. ಹಾಗಾಗಿ ನಾನು ಕೇಳದೆಯೇ ಭಾವನಾಗಿದ್ದೆ.

ಈ ಆಯಾಗೆ ಓದುಬರಹ ಬರುತ್ತಿರಲಿಲ್ಲ. ಕೂಸಿನ ಕೈಗೆ ಕಟ್ಟುವ ಚೀಟಿಯಲ್ಲಿ ತಾಯಿಯ ಹೆಸರನ್ನು ನರ್ಸ್‌ಗಳೇ ಬರೆಯಬೇಕು. "ಒಂದು ಸಲಾನಾದ್ರೂ ನಾನೇ ಬರೀಬೇಕು ಅಕ್ಕ" ಎಂದು ಎಂಟು ತಿಂಗಳಿಂದ ರಜೆಯ ಮಧ್ಯಾಹ್ನಗಳಲ್ಲಿ ನಮ್ಮ ಮನೆಯ ಜಗಲಿಗೆ ಬಂದು ಕಲಿಯುತ್ತಿದ್ದಳು. ಅಕ್ಷರಗಳು ಕೂಡಿಬಂದಿದ್ದವು, ಒತ್ತಕ್ಷರವೂ ಬಂದಿತ್ತು. ಮಹಾಪ್ರಾಣ ಮಾತ್ರ ಕೈಗೆ ಒಗ್ಗಿರಲಿಲ್ಲ. ಬಾಯಲ್ಲಿ ಇಲ್ಲದ್ದು ಕೈಗೆ ಎಲ್ಲಿಂದ ಬರಬೇಕು? ನಾವೆಲ್ಲ ಆಡುವಾಗ ನುಂಗುವ ಆ ಉಸಿರನ್ನು ಅವಳು ಬರೆಯುವಾಗಲೂ ನುಂಗುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ, ನಾನು ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದಾಗ, ನನ್ನ ಹೆಂಡತಿ ಬಣ್ಣದ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋದಳು. ಏಳು ಗಂಟೆಗೆ ಬೀಟಿನ ಪೊಲೀಸಿನವನು ಬಂದಾಗ ಗೋಡೆಯ ಮುಂದೆ ಬ್ರಷ್ಷು ಹಿಡಿದು ನಿಂತವಳು ಅವಳೊಬ್ಬಳೇ. ಅವನು ಫೋಟೋ ತೆಗೆದುಕೊಂಡ, ವಿಳಾಸ ಬರೆದುಕೊಂಡ, ಕೇಸು ಹಾಕಿದ.

ನಮ್ಮ ಮಗಳು ವಕೀಲೆ. ಕೇಸಿನ ಕಾಗದಪತ್ರದ ಪ್ರತಿ ತಂದ ದಿನ ಅವಳು ಚಪ್ಪಲಿ ಕಳಚುವ ಮೊದಲೇ ಕೂಗಿದಳು.

"ಅಮ್ಮಾ, ನೀನು ಗೆದ್ದೆ! ಫೋಟೋ ನೋಡು."

ಫೋಟೋದಲ್ಲಿ ಗೋಡೆಯ ಮೇಲಿನ ಸಾಲು ಸ್ಪಷ್ಟವಾಗಿತ್ತು. 'ಹೆರಿಗೆ ವಾರ್ಡು ನಮ್ಮ ಹಕ್ಕು, ಬಿಕ್ಷೆ ಅಲ್ಲ.'

"ಬಿಕ್ಷೆ!" ಎಂದಳು ಮಗಳು. "ಅಲ್ಪಪ್ರಾಣ! ನಾನು ಒಂದನೇ ಕ್ಲಾಸಲ್ಲಿ ಹೀಗೆ ಬರೆದಿದ್ದಕ್ಕೆ ನೂರು ಸಲ ಬರೆಸಿದ್ದೆ ನೀನು. ಇದನ್ನ ನೀನು ಬರೆದೆ ಅಂದ್ರೆ ಯಾರು ನಂಬ್ತಾರೆ? ನೋಡು, ಬರೆಯೋವಾಗ ನಿನ್ನನ್ನ ಕಂಡವರು ಯಾರೂ ಇಲ್ಲ. ಯಾರೋ ತಪ್ಪಾಗಿ ಬರೆದಿದ್ರು, ನನ್ನ ಕಕ್ಷಿದಾರರು ಬ್ರಷ್ಷು ತಗೊಂಡು ತಿದ್ದೋಕೆ ಹೋಗಿದ್ರು ಅಂತ ಹೇಳ್ತೀನಿ. ಊರಿಗೆ ಊರೇ ಸಾಕ್ಷಿ ಹೇಳುತ್ತೆ."

ನನಗೆ ನಗು ತಡೆಯಲಾಗಲಿಲ್ಲ. ವಾರಗಳ ನಂತರ ಮೊದಲ ಸಲ ಹಸಿವಾಯಿತು. ಆದರೆ ನನ್ನ ಹೆಂಡತಿ ಫೋಟೋವನ್ನು ಮೇಜಿನ ಮೇಲೆ ಬೋರಲು ಹಾಕಿ, "ಆ ಮಾತು ಬೇಡ" ಎಂದಳು.

"ಯಾಕೆ?"

"ನಾನಲ್ಲ ಅಂದ್ರೆ ಮತ್ಯಾರು ಅಂತ ಹುಡುಕ್ತಾರೆ."

"ಹುಡುಕಲಿ. ಯಾರಮ್ಮ ಅದು?"

ಅವಳು ಫೋಟೋವನ್ನು ಕಾಗದಗಳ ಅಡಿಗೆ ತಳ್ಳಿದಳು. ಯಾರೆಂದು ನನಗೆ ಹೇಳಬೇಕಾಗಿರಲಿಲ್ಲ. ಕೊನೆಯ ಎರಡು ಪದಗಳ ಅಕ್ಷರ ಬೇರೆ. ಹೊಟ್ಟೆ ಉಬ್ಬಿದ ಆ 'ಕ್ಷ'ವನ್ನು ಜಗಲಿಯ ಮೇಲೆ ಬಿದ್ದಿರುತ್ತಿದ್ದ ಕಾಪಿ ಪುಸ್ತಕದಲ್ಲಿ ನಾನು ಎಷ್ಟು ಸಲ ನೋಡಿರಲಿಲ್ಲ! ನನಗೆ ಆಯಾಳ ಮೇಲೆ ಮೈಯೆಲ್ಲ ಉರಿಯಿತು. ಬರೆಯುವಾಗ ಇವಳು, ಸಿಕ್ಕಿಬೀಳುವಾಗ ನನ್ನ ಹೆಂಡತಿ. ಆಮೇಲೆ ಗೊತ್ತಾಯಿತು, ಅವಳು ಆರೂ ಮುಕ್ಕಾಲಿಗೆ ಡ್ಯೂಟಿಗೆ ಹೋಗಿದ್ದಳಂತೆ, ಪೊಲೀಸಿನವನು ಬಂದದ್ದೂ ಗೊತ್ತಿರಲಿಲ್ಲವಂತೆ. ಕೇಸಿನ ಸುದ್ದಿ ಕಿವಿಗೆ ಬಿದ್ದು ಓಡಿ ಬಂದಾಗ ನನ್ನ ಹೆಂಡತಿ, "ಏನೂ ಆಗಲ್ಲ, ಹೋಗಿ ಬರೋದಷ್ಟೇ. ಮುಗಿಯೋವರೆಗೂ ನೀನು ಈ ಕಡೆ ಬರಬೇಡ" ಎಂದು ಗದರಿ ಕಳಿಸಿದ್ದಳು.

ನಾನು ಸುಮ್ಮನಿರುವವನಲ್ಲ. ಮಾರನೇ ದಿನ ಹೆಂಡತಿಗೆ ಹೇಳದೆ ಆಸ್ಪತ್ರೆಯ ಗೇಟಿನ ಬಳಿ ಹೋಗಿ ನಿಂತೆ. ಆಯಾ ಹೊರಗೆ ಬಂದಳು. ಒಂದು ಕೈಯಲ್ಲಿ ಬಾಣಂತಿಯ ಬಟ್ಟೆಗಂಟು, ಇನ್ನೊಂದರಲ್ಲಿ ಅವಳ ಹಸಿಗೂಸು. ಹಿಂದೆ ಬಾಣಂತಿ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದಳು. ಇಬ್ಬರನ್ನೂ ಆಟೋಗೆ ಹತ್ತಿಸಿ, ಕೂಸಿನ ಕಿವಿ ಮುಚ್ಚುವ ಹಾಗೆ ಬಟ್ಟೆ ಸುತ್ತಿಕೊಟ್ಟು, ಆಮೇಲೆ ನನ್ನ ಕಡೆ ತಿರುಗಿದಳು.

"ಭಾವಾ! ಅಕ್ಕ ಹೇಗಿದ್ದಾರೆ? ಕೇಸು ಮುಗೀತಾ?"

ಬೈಯಲು ಬಾಯಿಪಾಠ ಮಾಡಿಕೊಂಡು ಹೋದ ಮಾತೆಲ್ಲ ಬಿಟ್ಟು "ಮುಗೀತಾ ಬಂತು" ಎಂದು ವಾಪಸ್ ಬಂದೆ. ಮನೆಗೆ ಬಂದು ನನ್ನನ್ನು ನಾನೇ ಹೇಡಿ ಎಂದು ಬೈದುಕೊಂಡೆ. ಸಿಟ್ಟು ಮಾತ್ರ ಕಡಿಮೆಯಾಗಲಿಲ್ಲ.

ವಿಚಾರಣೆಯ ದಿನ ಕೋರ್ಟಿನ ಹಾಲಿನಲ್ಲಿ ಇಪ್ಪತ್ತು ಮೂವತ್ತು ಜನ. ಹೆಲ್ಮೆಟ್ ಇಲ್ಲದವರು, ರಸ್ತೆಯಲ್ಲಿ ಜಗಳಾಡಿದವರು, ಲೈಸೆನ್ಸಿಲ್ಲದೆ ಅಂಗಡಿ ಇಟ್ಟವರು. ಅವರ ನಡುವೆ ನನ್ನ ಹೆಂಡತಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆಗೆ ಅಂಟಿಸಿದ್ದ ಸೂಚನೆಗಳನ್ನು ಓದುತ್ತಿದ್ದಳು. ತುಟಿ ಅಲುಗುತ್ತಿದ್ದುದರಿಂದ ಅಲ್ಲೂ ಏನೋ ಸಿಕ್ಕಿದೆ ಎಂದು ನನಗೆ ಗೊತ್ತಾಯಿತು. ಹೆಸರು ಕೂಗಿದರು. ಎದ್ದು ಕಟಕಟೆಯಲ್ಲಿ ನಿಂತಳು.

ನ್ಯಾಯಾಧೀಶರು ನಲವತ್ತರ ಆಸುಪಾಸಿನವರು, ಮೆಲುದನಿಯವರು. ಆರೋಪ ಓದಿಸಿ, "ತಪ್ಪು ಒಪ್ಕೋತೀರಾ?" ಎಂದು ಕೇಳಿದರು.

"ಇಲ್ಲ ಸ್ವಾಮಿ" ಎಂದಳು ಮಗಳು.

"ಒಪ್ಕೋತೀನಿ" ಎಂದಳು ಅವಳಮ್ಮ.

ಹಾಲಿನಲ್ಲಿ ನಗು ಎದ್ದಿತು. ಮಗಳು ತಾಯಿಯತ್ತ ಬೀರಿದ ನೋಟವನ್ನು ಇನ್ನೊಬ್ಬರಾದರೆ ತಡೆದುಕೊಳ್ಳುತ್ತಿರಲಿಲ್ಲ. ಅವಳು ಹಠ ಬಿಡದೆ ಫೋಟೋ ಎತ್ತಿ ಹಿಡಿದಳು. ತಾಯಿ ಮೂವತ್ತೊಂದು ವರ್ಷ ಕರಡು ತಿದ್ದಿದವರು, ಈ ಕಾಗುಣಿತ ಅವರ ಕೈಯಿಂದ ಬರಲು ಸಾಧ್ಯವೇ ಇಲ್ಲ, ಯಾರನ್ನೋ ಉಳಿಸಲು ಒಪ್ಪಿಕೊಳ್ಳುತ್ತಿದ್ದಾರೆ ಎಂದಳು. ಅವಸರದಲ್ಲಿ ಎಂಥವರಿಗೂ ಕೈ ತಪ್ಪುತ್ತದೆ ಎಂದರು ಸರ್ಕಾರಿ ವಕೀಲರು. ನ್ಯಾಯಾಧೀಶರು ಒಂದು ಬಿಳಿ ಹಾಳೆ, ಪೆನ್ನು ಕಳಿಸಿಕೊಟ್ಟರು.

"ಅದೇ ವಾಕ್ಯ ಒಂದ್ಸಲ ಬರೀರಿ ತಾಯಿ."

ಅವಳು ಹಾಳೆಯನ್ನು ಕಟಕಟೆಯ ಕಂಬಿಯ ಮೇಲಿಟ್ಟುಕೊಂಡು ಬರೆದಳು. 'ಹಕ್ಕು' ಎಂಬಲ್ಲಿಯವರೆಗೆ ಪೆನ್ನು ಸರಾಗವಾಗಿ ಓಡಿತು. ಅಲ್ಪವಿರಾಮ ಹಾಕಿದಳು. ನಿಂತಳು. ಅಲ್ಲಿ ತಪ್ಪಾಗಿ ಬರೆದುಬಿಟ್ಟರೆ ಆಯಾ ಪೂರ್ತಿ ಪಾರಾಗುತ್ತಾಳೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪಾಪ, ಅಷ್ಟು ವರ್ಷ ತಿದ್ದಿದ ಕೈಗೆ ತಪ್ಪು ಬರೆಯಲು ಬರಲಿಲ್ಲ. ಹಾಳೆ ನ್ಯಾಯಾಧೀಶರ ಬಳಿಗೆ ಹೋಯಿತು.

"ಇಲ್ಲಿ ಮಹಾಪ್ರಾಣ ಇದೆ" ಎಂದರು ಅವರು. "ಹಾಗಾದ್ರೆ ಗೋಡೆ ಮೇಲಿನ ತಪ್ಪು ಯಾರದು?"

"ನಂದೇ ಸ್ವಾಮಿ."

"ನೀವೇ ಬರೆದಿರಾ?"

ನನ್ನ ಹೆಂಡತಿ ಸುಳ್ಳು ಹೇಳುವುದಿಲ್ಲ. ಅದು ಅವಳ ದೊಡ್ಡ ಗುಣ, ಸಂಸಾರಕ್ಕೆ ದೊಡ್ಡ ತೊಂದರೆ.

"ಸ್ವಾಮಿ, ಇಷ್ಟು ವರ್ಷದಲ್ಲಿ ಕಣ್ಣೆದುರಿಗಿದ್ದ ತಪ್ಪನ್ನ ಗೊತ್ತಿದ್ದೂ ಬಿಟ್ಟಿದ್ದು ಇದೊಂದೇ. ಬ್ರಷ್ಷು ನನ್ನ ಕೈಯಲ್ಲೇ ಇತ್ತು. ನಮ್ಮ ಕೆಲಸದಲ್ಲಿ ನೋಡಿ ಬಿಟ್ಟವರದ್ದೇ ತಪ್ಪು."

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಅರ್ಥವಾಯಿತು ಎಂದು ನನಗೆ ಆಗಲೇ ಅನ್ನಿಸಿತು.

"ಬೇರೆ ಯಾರ ಹೆಸರಾದ್ರೂ ಹೇಳೋದಿದ್ಯಾ?"

"ನನ್ನ ಹೆಸರು ನಿಮ್ಮ ಹತ್ರ ಇದೆಯಲ್ಲ ಸ್ವಾಮಿ."

"ಮಾಡಿದ್ದಕ್ಕೆ ಪಶ್ಚಾತ್ತಾಪ ಇದ್ಯಾ?"

"ಗೋಡೆ ಕೆಟ್ಟಿದ್ದಕ್ಕಿದೆ, ಬರೆದಿದ್ದಕ್ಕಿಲ್ಲ. ಹನ್ನೊಂದು ಅರ್ಜಿ ಕೊಟ್ಟೆ, ಯಾರೂ ಓದಲಿಲ್ಲ. ಗೋಡೇನ ಎಲ್ಲರೂ ಓದಿದ್ರು."

ನಾನು ಹಣೆಗೆ ಕೈ ಹಚ್ಚಿದೆ. ಒಂದು ತಿಂಗಳು ಗ್ಯಾರಂಟಿ ಎಂದುಕೊಂಡೆ. ನ್ಯಾಯಾಧೀಶರು ತುಸು ಹೊತ್ತು ಏನೋ ಬರೆದು ತಲೆಯೆತ್ತಿದರು. ಆರೋಪ ಸಾಬೀತಾಗಿದೆ, ಆರೋಪಿತೆ ತಪ್ಪಿತಸ್ಥೆ ಎಂದರು. "ಶಿಕ್ಷೆ, ಇವತ್ತು ಕೋರ್ಟು ಏಳೋವರೆಗೂ ಇದೇ ಹಾಲಲ್ಲಿ ಕೂತಿರಬೇಕು."

ನಾನು ಮುಂದಿನ ಮಾತಿಗೆ ಕಾದೆ. ಮುಂದಿನ ಕೇಸು ಕೂಗಿದರು.

"ಅಷ್ಟೇ ಅಪ್ಪ" ಎಂದಳು ಮಗಳು, ಹಿಂದಿನ ಬೆಂಚಿನಲ್ಲಿ ತಾಯಿಯನ್ನು ಕೂರಿಸುತ್ತಾ. "ಸಂಜೆ ಐದಕ್ಕೆ ಅವರು ಎದ್ದು ಹೋದ್ರೆ ಶಿಕ್ಷೆ ಮುಗೀತು. ಆದ್ರೆ ಹೆಸರಿನ ಮುಂದೆ ಅಪರಾಧಿ ಅಂತ ಉಳಿಯುತ್ತೆ. ಆದೇಶಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಅಷ್ಟರೊಳಗೆ ಬರೆದವರು ಬಂದು ಒಪ್ಕೊಂಡ್ರೆ ಅದನ್ನೂ ಅಳಿಸಬಹುದು." ತಾಯಿಯ ಕೆನ್ನೆಯನ್ನು ಕೋಪದಲ್ಲೇ ಸವರಿದಳು. "ನಿನ್ನಂಥ ಕಕ್ಷಿದಾರರು ಇನ್ನೊಬ್ಬರು ಸಿಕ್ಕಿದ್ರೆ ನಾನೂ ವಕೀಲಿಕೆ ಬಿಟ್ಟು ಮೊಳೆ ಜೋಡಿಸೋಕೆ ಹೋಗ್ತೀನಿ." ಪಕ್ಕದ ಹಾಲಿನಲ್ಲಿ ಅವಳಿಗೆ ಇನ್ನೊಂದು ಕೇಸಿತ್ತು, ಓಡಿದಳು.

ಹೀಗೆ ನಾವಿಬ್ಬರೂ ಬೆಂಚಿನ ಮೇಲೆ ಉಳಿದೆವು. ಫ್ಯಾನು ಕಿರ್ರೆನ್ನುತ್ತಿತ್ತು. ಮಾತಾಡಬಾರದು, ಪಿಸುಗುಟ್ಟಬಹುದು. ನಾನು ಪಿಸುದನಿಯಲ್ಲೇ ಜಗಳ ತೆಗೆದೆ.

"ಒಂದು ಗೆರೆ ಕಣೆ. ಕೆಳಗೊಂದು ಗೆರೆ ಎಳೆದಿದ್ರೆ ಮುಗೀತಿತ್ತು. ಯಾಕೆ ಬಿಟ್ಟೆ?"

ಅವಳು ಕೈಚೀಲದ ಹಿಡಿಯನ್ನು ತಿರುವುತ್ತಾ ಕೂತಿದ್ದಳು. "ಕೊನೇ ಎರಡು ಪದ ನಾನು ಬರೀತೀನಿ ಅಕ್ಕ ಅಂದ್ಳು ರೀ. ಬರೆದು ಎರಡು ಹೆಜ್ಜೆ ಹಿಂದಕ್ಕೆ ಬಂದು ನಿಂತ್ಳು. ಒಂದೊಂದೇ ಅಕ್ಷರ ಬೆರಳು ತೋರಿಸಿಕೊಂಡು ಓದಿದ್ಳು. 'ರಸ್ತೇಲಿ ಹೋಗೋರೆಲ್ಲ ನಾನು ಬರೆದಿದ್ದನ್ನ ಓದ್ತಾರಲ್ವಾ ಅಕ್ಕ' ಅಂದ್ಳು. ಆ ಮುಖ ನೋಡ್ಕೊಂಡು ಏನಂತ ಹೇಳಲಿ? ಅವಳು ಒಳಗೆ ಹೋದ ಮೇಲೆ ಗೆರೆ ಎಳೆಯೋಣ ಅಂತ ಬ್ರಷ್ಷು ಎತ್ತಿದೆ. ಅವಳ ಅಕ್ಷರ, ಹೇಗಿದ್ಯೋ ಹಾಗಿರಲಿ ಅನ್ನಿಸ್ತು. ಹಾಗೇ ನಿಂತಿದ್ದೆ, ಪೊಲೀಸಿನವನು ಬಂದ."

"ನನ್ನ ಒಂದು ತಪ್ಪನ್ನಾದ್ರೂ ಹೀಗೆ ಬಿಟ್ಟಿದ್ಯಾ ನೀನು? ಮದುವೆಗೆ ಮುಂಚೆ ಬರೆದ ಕಾಗದಗಳನ್ನೂ ತಿದ್ದಿ ವಾಪಸ್ ಕಳಿಸಿದವಳು!"

"ನೀವು ಬೇಕೂಂತ ಮಾಡ್ತಿದ್ರಿ. ನಂಗೆ ಗೊತ್ತಿರಲಿಲ್ವಾ?"

ಮೂವತ್ತೈದು ವರ್ಷ ಅವಳಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ಅವಳ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಕೋರ್ಟು ಎನ್ನುವುದನ್ನೂ ಮರೆತು ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಆದರೂ ಅವಳ ಹೆಸರಿನ ಮುಂದೆ ಆ ಪದ ಬೀಳುತ್ತದಲ್ಲ ಎಂಬ ಮುಳ್ಳು ಮಾತ್ರ ಚುಚ್ಚುತ್ತಲೇ ಇತ್ತು.

ಮೂರು ಗಂಟೆಯ ಹೊತ್ತಿಗೆ ಬಾಗಿಲು ಸರಿಯಿತು. ಆಯಾ. ಆಸ್ಪತ್ರೆಯ ಸಮವಸ್ತ್ರದಲ್ಲೇ ಇದ್ದಳು, ಕತ್ತಿನಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ಯಾರೋ ಹೇಳಿರಬೇಕು, ಡ್ಯೂಟಿ ಮುಗಿಸಿ ಓಡಿ ಬಂದಿದ್ದಳು. ನಮ್ಮ ಕಡೆ ನೋಡಲೂ ಇಲ್ಲ, ನೆಟ್ಟಗೆ ಮುಂದಕ್ಕೆ ನಡೆದಳು. ನಾನು ಎದ್ದು ಅರ್ಧ ದಾರಿಯಲ್ಲಿ ಅಡ್ಡಗಟ್ಟಿದೆ.

"ಎಲ್ಲಿಗೆ?"

"ಹೇಳೋಕೆ, ಬರೆದಿದ್ದು ನಾನು ಅಂತ. ತಪ್ಪು ನಂದು ಭಾವ, ಅಕ್ಕಂದಲ್ಲ." ಅವಳ ಕಣ್ಣು ತುಂಬಿ ತುಳುಕುತ್ತಿತ್ತು. "ಸುಣ್ಣ ಬಳಿಯೋವರೆಗೂ ದಿನಾ ಆ ಗೋಡೆ ಮುಂದೇನೇ ಓಡಾಡಿದ್ದೀನಿ. ಒಂದಿನ ಪೇಪರಲ್ಲಿ ಆ ಪದ ನೋಡಿದೆ, ಕೆಳಗೆ ಗೆರೆ ಇತ್ತು. ಆಗ್ಲೇ ಗೊತ್ತಾಯ್ತು. ಅಕ್ಕ ಬೈತಾರೆ, ಬೈತಾರೆ ಅಂತ ಕಾದೆ. ಬೈಲಿಲ್ಲ. ಯಾರನ್ನೂ ಬಿಡದೋರು ನನ್ನನ್ನ ಯಾಕೆ ಬಿಟ್ರು? ತಿದ್ದಿಸಿಕೊಳ್ಳೋಕೂ ನಾನು ಲಾಯಕ್ಕಿಲ್ವಾ?"

ಹಿಂದಿನ ಬೆಂಚಿನಿಂದ ನನ್ನ ಹೆಂಡತಿಯ ದನಿ ಕೇಳಿಸಿತು. "ಅಯ್ಯೋ, ಹಾಗಲ್ವೇ..." ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು.

ನ್ಯಾಯಾಧೀಶರು ತಲೆಯೆತ್ತಿದರು. ಅವರ ಮುಂದೆ ದಿನದ ಆದೇಶಗಳ ಕಟ್ಟು ಸಹಿಗಾಗಿ ಕಾಯುತ್ತಿತ್ತು, ಪೆನ್ನು ಕೈಯಲ್ಲಿತ್ತು.

"ಯಾರದು? ಏನಮ್ಮ, ಏನಾದ್ರೂ ಹೇಳೋದಿದ್ಯಾ?"

ಆಯಾ ಬಾಯಿ ತೆರೆದಳು. ಒಂದು ತಿಂಗಳಿಂದ ನಾನು ಬಯಸಿದ್ದು ಇದನ್ನೇ. ಅವಳು ಒಂದು ಮಾತು ಆಡಿದರೆ ನನ್ನ ಹೆಂಡತಿ ತಲೆಯೆತ್ತಿ ಮನೆಗೆ ಬರುತ್ತಾಳೆ, ನಾಳೆ ಬೆಳಿಗ್ಗೆ ಈ ಸಮವಸ್ತ್ರ ಕಳಚಿಸುತ್ತಾರೆ. ನಾನು ಪಕ್ಕಕ್ಕೆ ಸರಿದರೆ ಸಾಕಿತ್ತು. ಆದರೆ ಬೆಂಚಿನ ಮೇಲೆ ಅಳುತ್ತಿದ್ದವಳು ಮನಸ್ಸಿಗೆ ಬಂದಳು. ಅವಳು ಜೀವಮಾನದಲ್ಲಿ ಬೇಕೆಂದು ಬಿಟ್ಟ ಒಂದೇ ತಪ್ಪನ್ನು ನಾನು ಹೋಗಿ ತಿದ್ದುವುದೇ? ಆಯಾಳ ರಟ್ಟೆ ಹಿಡಿದು ಅವಳ ಮುಂದೆ ನಿಂತೆ.

"ನನ್ನ ನಾದಿನಿ ಸ್ವಾಮಿ" ಎಂದೆ. "ಅಕ್ಕನ್ನ ನೋಡೋಕೆ ಬಂದಿದ್ದಾಳೆ. ಹೇಳೋದೇನೂ ಇಲ್ಲ."

ನ್ಯಾಯಾಧೀಶರು ಅವಳ ಸಮವಸ್ತ್ರ ನೋಡಿದರು, ಕತ್ತಿನ ಗುರುತಿನ ಚೀಟಿ ನೋಡಿದರು. ನನ್ನನ್ನು ನೋಡಿದರು.

"ಹಾಗಾದ್ರೆ ಅಕ್ಕನ ಪಕ್ಕದಲ್ಲಿ ಕೂತ್ಕೊಳಮ್ಮ. ಇನ್ನೂ ಎರಡು ಗಂಟೆ ಇದೆ" ಎಂದು ಮೇಲಿದ್ದ ಹಾಳೆಗೆ ಸಹಿ ಹಾಕಿ ಕಟ್ಟಿನ ಅಡಿಗೆ ಸೇರಿಸಿದರು.

ನನ್ನ ಹೆಂಡತಿ ತನ್ನ ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು. ನಾನು ಆಡಿದ ಯಾವ ಮಾತನ್ನೂ ತಿದ್ದದೆ ಬಿಟ್ಟವಳಲ್ಲ. ಆಯಾಳನ್ನು ಕರೆದುಕೊಂಡು ಬಂದಾಗ ಅವಳು ನನ್ನನ್ನೇ ನೋಡುತ್ತಿದ್ದಳು, ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಕೈಚೀಲ ಎತ್ತಿಕೊಂಡು ಆ ಕಡೆ ಸರಿದು ಬೆಂಚಿನ ಮೇಲೆ ಜಾಗ ಮಾಡಿದಳು. ಐದು ಗಂಟೆಗೆ ನ್ಯಾಯಾಧೀಶರು ಎದ್ದರು. ನಾವು ಮೂವರೂ ಎದ್ದೆವು.